ವಾಹನ ರೀಕಾಲ್ ಮತ್ತು ಸಾರ್ವಜನಿಕ ಸಂಶಯ: ಟೊಯೋಟಾ, ಜನರಲ್ ಮೋಟಾರ್ಸ್ ಪ್ರಕರಣಗಳು

ಮಾರಾಟವಾದ ವಾಹನದಲ್ಲಿ ಪ್ರಾಣಾಪಾಯಕ್ಕೆ ಎಡೆಮಾಡುವ ದೋಷವಿದೆಯೆಂದು ತಿಳಿದುಬಂದಾಗ, ತಯಾರಕ ಕಂಪೆನಿಯು ಅಂತಹ ವಾಹನಗಳನ್ನೆಲ್ಲ ವಾಪಸು ಕರೆಸಿ, ಮಾಲೀಕರಿಂದ ಹಣ ಪಡೆಯದೆ ಸರಿಪಡಿಸಿಕೊಡುವ ಕ್ರಮಕ್ಕೆ 'ರೀಕಾಲ್' ಎಂದು ಹೆಸರು. ಈ ಕ್ರಮದಲ್ಲಿ ಕಂಪೆನಿ, ಸರ್ಕಾರ, ಮಾಧ್ಯಮ ಈ ಮೂರಕ್ಕೂ ಪಾತ್ರವಿದೆ. ಮೂರಕ್ಕೂ ಅವುಗಳದೇ ಆದ ಹಿತಾಸಕ್ತಿಯೂ ಇರುತ್ತದೆ. ಆದ್ದರಿಂದಲೇ ದೊಡ್ಡ ರೀಕಾಲ್ ನಡೆದಾಗಲೆಲ್ಲ 'ಇದರ ಹಿಂದೆ ಬೇರೇನೋ ಇದೆ' ಎಂಬ ಸಂಶಯ ಜನರಲ್ಲಿ ಹುಟ್ಟುತ್ತದೆ. ಅಂತಹ ಸಂಶಯದಲ್ಲಿ ಎಷ್ಟು ಹುರುಳಿರುತ್ತದೆ ಎಂಬುದನ್ನು ತೂಗಿ ನೋಡಲು ಅಮೆರಿಕದಲ್ಲಿ 2009ರಿಂದ 2015ರವರೆಗೆ ನಡೆದ ಎರಡು ಪ್ರಕರಣಗಳು ಉತ್ತಮ ನಿದರ್ಶನಗಳಾಗಿವೆ.

ಕಾನೂನಿನ ಹಿನ್ನೆಲೆ

ವಕೀಲ ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಕಾರುಗಳ ಅಸುರಕ್ಷಿತ ವಿನ್ಯಾಸವನ್ನು ಬಯಲಿಗೆಳೆಯಿತು. ಮರುವರ್ಷವೇ, ಅಂದರೆ 1966ರಲ್ಲಿ, ಅಮೆರಿಕದ ಸಂಸತ್ತು ವಾಹನ ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. 1970ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಸುರಕ್ಷತೆಗೆ ಸಂಬಂಧಿಸಿದ ದೋಷವಿದೆಯೆಂದು ಕಂಪೆನಿಯು ನಿರ್ಧರಿಸಿದ ಐದು ಕೆಲಸದ ದಿನಗಳೊಳಗೆ ಈ ಸಂಸ್ಥೆಗೆ ವರದಿ ಮಾಡಬೇಕೆಂಬುದು ನಿಯಮ. ನಾಗರಿಕರು ನೀಡುವ ದೂರುಗಳನ್ನು ಪರಿಶೀಲಿಸಿ ತನಿಖೆ ಆರಂಭಿಸುವ ಅಧಿಕಾರವೂ ಸಂಸ್ಥೆಗಿದೆ.

ಟೊಯೋಟಾ ಪ್ರಕರಣ

2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಬಳಿ ಲೆಕ್ಸಸ್ ಕಾರೊಂದು ವೇಗ ತಗ್ಗಿಸಲಾಗದೆ ಅಪಘಾತಕ್ಕೀಡಾಗಿ, ಅದರಲ್ಲಿದ್ದ ನಾಲ್ವರೂ ಮೃತಪಟ್ಟರು. ಲೆಕ್ಸಸ್ ಟೊಯೋಟಾ ಕಂಪೆನಿಯದೇ ಬ್ರ್ಯಾಂಡ್. ಅದು ಮಾರಾಟಗಾರರು ತಾತ್ಕಾಲಿಕ ಬಳಕೆಗೆಂದು ಕೊಟ್ಟಿದ್ದ ಕಾರು. ಬೇರೊಂದು ಮಾದರಿಯ ಮ್ಯಾಟ್ ಹಾಸಿದ್ದರಿಂದ ಆಕ್ಸಿಲರೇಟರ್ ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತೆಂದು ತನಿಖೆಯಿಂದ ತಿಳಿದುಬಂತು. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಬಳಸಿದ್ದ ಇನ್ನೊಬ್ಬ ಗ್ರಾಹಕರು ಇದೇ ತೊಂದರೆಯನ್ನು ಮಾರಾಟಗಾರರ ಗಮನಕ್ಕೆ ತಂದಿದ್ದರು.

ಮ್ಯಾಟಿನ ಕಾರಣಕ್ಕಾಗಿ ಸುಮಾರು 42 ಲಕ್ಷ ವಾಹನಗಳು ರೀಕಾಲ್‌ಗೆ ಒಳಪಟ್ಟವು. 2010ರ ಜನವರಿ 21ರಂದು, ಒತ್ತಿದ ಪೆಡಲ್ ಮೇಲೇಳದೆ ಅಂಟಿಕೊಳ್ಳುವ ಮತ್ತೊಂದು ದೋಷಕ್ಕಾಗಿ 23 ಲಕ್ಷ ವಾಹನಗಳ ರೀಕಾಲ್ ಘೋಷಣೆಯಾಯಿತು. ಐದು ದಿನಗಳ ನಂತರ ಎಂಟು ಮಾದರಿಗಳ ಮಾರಾಟವನ್ನೇ ಕಂಪೆನಿ ಸ್ಥಗಿತಗೊಳಿಸಿತು. ಫೆಬ್ರವರಿ 24ರಂದು ಕಂಪೆನಿಯ ಅಧ್ಯಕ್ಷ ಅಕಿಯೊ ಟೊಯೋಡಾ ಸಂಸದೀಯ ಸಮಿತಿಯ ಮುಂದೆ ಹಾಜರಾಗಿ ಕ್ಷಮೆ ಯಾಚಿಸಿದರು.

ಎರಡು ವಿರುದ್ಧ ಸಂಶಯಗಳು

ಈ ಸಂದರ್ಭದಲ್ಲಿ ಪರಸ್ಪರ ವಿರುದ್ಧವಾದ ಎರಡು ಸಂಶಯಗಳು ತಲೆಯೆತ್ತಿದವು.

ಸರ್ಕಾರವು ಟೊಯೋಟಾವನ್ನು ಬೇಕೆಂದೇ ಗುರಿ ಮಾಡಿದೆ ಎಂಬುದು ಮೊದಲನೆಯದು. ಇದಕ್ಕೆ ಆಧಾರವಿಲ್ಲದಿರಲಿಲ್ಲ. 2009ರಲ್ಲಿ ದಿವಾಳಿಯಾಗಿದ್ದ ಜನರಲ್ ಮೋಟಾರ್ಸ್ ಕಂಪೆನಿಯನ್ನು ಉಳಿಸಲು ಅಮೆರಿಕ ಸರ್ಕಾರ ಹಣ ಹೂಡಿ, ಅದರ ಸುಮಾರು ಶೇ. 61ರಷ್ಟು ಷೇರುಗಳ ಒಡೆತನ ಪಡೆದಿತ್ತು. ಹೀಗಾಗಿ ತೀರ್ಪುಗಾರನೇ ಎದುರಾಳಿ ತಂಡದ ಮಾಲೀಕನೂ ಆದಂತಾಗಿತ್ತು. 2010ರ ಫೆಬ್ರವರಿ 3ರಂದು ಸಾರಿಗೆ ಸಚಿವ ರೇ ಲಾಹುಡ್, ರೀಕಾಲ್ ಆದ ಟೊಯೋಟಾ ಕಾರುಗಳನ್ನು ಓಡಿಸುವುದನ್ನೇ ನಿಲ್ಲಿಸಿರೆಂದು ಹೇಳಿ, ಅಂದೇ ಅದು ಬಾಯಿತಪ್ಪಿ ಬಂದ ಮಾತೆಂದು ಹಿಂತೆಗೆದುಕೊಂಡರು. ಅಷ್ಟರಲ್ಲಿ ಕಂಪೆನಿಯ ಷೇರು ಕುಸಿದಿತ್ತು. ಟೊಯೋಟಾ ಕಾರ್ಖಾನೆಗಳಿದ್ದ ಕೆಂಟಕಿ, ಇಂಡಿಯಾನಾ, ಅಲಬಾಮಾ, ಮಿಸಿಸಿಪಿ ರಾಜ್ಯಗಳ ಗವರ್ನರುಗಳು ಕಂಪೆನಿಯ ಪರವಾಗಿ ಸಂಸತ್ತಿಗೆ ಪತ್ರ ಬರೆದರು. ಅವರಿಗೂ ತಮ್ಮ ರಾಜ್ಯಗಳ ಉದ್ಯೋಗಗಳ ಹಿತಾಸಕ್ತಿಯಿತ್ತೆಂಬುದನ್ನು ಮರೆಯುವಂತಿಲ್ಲ.

ಸರ್ಕಾರವು ಟೊಯೋಟಾದ ವಿಷಯದಲ್ಲಿ ಮೃದುವಾಗಿತ್ತು ಎಂಬುದು ಎರಡನೆಯ ಸಂಶಯ. ಸುರಕ್ಷತಾ ಆಡಳಿತದ ಮಾಜಿ ನೌಕರರು ಟೊಯೋಟಾದಲ್ಲಿ ಕೆಲಸಕ್ಕೆ ಸೇರಿ, ಅದೇ ಆಡಳಿತದೊಡನೆ ವ್ಯವಹರಿಸುತ್ತಿದ್ದರು. 2007ರಲ್ಲಿ ಮ್ಯಾಟಿನ ದೂರುಗಳು ಬಂದಾಗ ಕೇವಲ 55,000 ಮ್ಯಾಟುಗಳ ರೀಕಾಲ್‌ನೊಂದಿಗೆ ವಿಷಯ ಮುಗಿದಿತ್ತು. ಇದರಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣ ಉಳಿಯಿತೆಂದು 2009ರ ಜುಲೈ ತಿಂಗಳ ಕಂಪೆನಿಯ ಆಂತರಿಕ ದಾಖಲೆಯೊಂದು ಹೆಮ್ಮೆಯಿಂದ ನಮೂದಿಸಿತ್ತು. ಸಂಸದೀಯ ಸಮಿತಿಯ ಕೈಸೇರಿದ ಈ ದಾಖಲೆಯು ಎರಡನೆಯ ಸಂಶಯಕ್ಕೆ ಬಲವಾದ ಪುರಾವೆಯಾಯಿತು.

ಮಾಧ್ಯಮಗಳ ನಡೆ

2010ರ ಫೆಬ್ರವರಿಯಲ್ಲಿ ಎಬಿಸಿ ವಾಹಿನಿಯು ಕಾರಿನ ಎಲೆಕ್ಟ್ರಾನಿಕ್ ವ್ಯವಸ್ಥೆಯ ದೋಷವನ್ನು ತೋರಿಸುವ ವರದಿಯೊಂದನ್ನು ಪ್ರಸಾರ ಮಾಡಿತು. ಓಡುತ್ತಿರುವ ಕಾರಿನ ದೃಶ್ಯಗಳ ನಡುವೆ, ನಿಂತಿದ್ದ ಕಾರಿನ ಎಂಜಿನ್ ವೇಗಮಾಪಕದ ದೃಶ್ಯವನ್ನು ಸೇರಿಸಲಾಗಿತ್ತೆಂಬುದು ಬಳಿಕ ಬೆಳಕಿಗೆ ಬಂತು. ವಾಹಿನಿಯು ತಪ್ಪನ್ನು ಒಪ್ಪಿಕೊಂಡು ಆ ಭಾಗವನ್ನು ಬದಲಾಯಿಸಿತು.

ಇಂತಹುದು ಇದೇ ಮೊದಲಾಗಿರಲಿಲ್ಲ. 1986ರಲ್ಲಿ ಸಿಬಿಎಸ್ ವಾಹಿನಿಯು ಆಡಿ 5000 ಕಾರು ತಾನಾಗಿಯೇ ನುಗ್ಗುತ್ತದೆಂದು ವರದಿ ಮಾಡಿತ್ತು. ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ್ದೇ ಅದಕ್ಕೆ ಮುಖ್ಯ ಕಾರಣವೆಂದು ಸುರಕ್ಷತಾ ಆಡಳಿತವು 1989ರಲ್ಲಿ ತಿಳಿಸಿತು. 1992ರಲ್ಲಿ ಎನ್‌ಬಿಸಿ ವಾಹಿನಿಯು ಜನರಲ್ ಮೋಟಾರ್ಸ್‌ನ ಪಿಕಪ್ ಟ್ರಕ್ಕು ಡಿಕ್ಕಿಯಾದಾಗ ಹೊತ್ತಿ ಉರಿಯುವುದನ್ನು ತೋರಿಸಲು ಕಿಡಿ ಹಚ್ಚುವ ಸಾಧನಗಳನ್ನು ಅಳವಡಿಸಿತ್ತು. 1993ರ ಫೆಬ್ರವರಿಯಲ್ಲಿ ಅದಕ್ಕಾಗಿ ಕ್ಷಮೆ ಕೇಳಿತು. ಟೊಯೋಟಾದ ಕುರಿತ ವರದಿಗಳನ್ನು ಜನರು ಅನುಮಾನದಿಂದ ನೋಡಿದ್ದರೆ ಅದಕ್ಕೆ ಈ ಪೂರ್ವಚರಿತ್ರೆಯೂ ಕಾರಣ. ಆದರೆ ಒಂದು ವಾಹಿನಿಯ ಪ್ರದರ್ಶನ ಕೃತಕವಾಗಿದ್ದಿತೆಂಬ ಮಾತ್ರಕ್ಕೆ ವಾಹನದಲ್ಲಿ ದೋಷವೇ ಇರಲಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ತನಿಖೆಗಳ ಫಲಿತಾಂಶ

ಬಾಹ್ಯಾಕಾಶ ಸಂಸ್ಥೆ ನಾಸಾದ ಎಂಜಿನಿಯರುಗಳು ಹತ್ತು ತಿಂಗಳ ಕಾಲ ಟೊಯೋಟಾದ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಪರೀಕ್ಷಿಸಿದರು. 2011ರ ಫೆಬ್ರವರಿ 8ರಂದು ಪ್ರಕಟವಾದ ವರದಿಯ ಪ್ರಕಾರ, ಅಪಾಯಕಾರಿ ವೇಗಕ್ಕೆ ಕಾರಣವಾಗುವ ಎಲೆಕ್ಟ್ರಾನಿಕ್ ದೋಷ ಕಂಡುಬರಲಿಲ್ಲ. ಕಂಡುಬಾರದಿರುವುದರಿಂದ ಅದು ಅಸಾಧ್ಯವೆಂದು ಸಿದ್ಧವಾಗುವುದಿಲ್ಲವೆಂದೂ ನಾಸಾ ಎಚ್ಚರಿಸಿತು. ಸುರಕ್ಷತಾ ಆಡಳಿತವು ಪರಿಶೀಲಿಸಿದ 58 ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಚಾಲಕರು ಬ್ರೇಕ್ ಒತ್ತಿಯೇ ಇರಲಿಲ್ಲ. ಆದರೂ 2013ರಲ್ಲಿ ಓಕ್ಲಹೋಮಾದ ನ್ಯಾಯಾಲಯದ ಜ್ಯೂರಿಯೊಂದು, ಎಲೆಕ್ಟ್ರಾನಿಕ್ ವ್ಯವಸ್ಥೆಯ ಬಗ್ಗೆ ತಜ್ಞರ ಸಾಕ್ಷ್ಯ ಕೇಳಿ ಟೊಯೋಟಾವನ್ನು ಹೊಣೆಯಾಗಿಸಿತು.

ಕಂಪೆನಿಯ ನಡವಳಿಕೆಯ ವಿಷಯದಲ್ಲಿ ಇಂತಹ ಅಸ್ಪಷ್ಟತೆ ಉಳಿಯಲಿಲ್ಲ. ದೋಷವನ್ನು ಸಕಾಲದಲ್ಲಿ ತಿಳಿಸದ್ದಕ್ಕಾಗಿ 2010ರ ಏಪ್ರಿಲ್‌ನಲ್ಲಿ 1.64 ಕೋಟಿ ಡಾಲರ್, ಡಿಸೆಂಬರ್‌ನಲ್ಲಿ 3.24 ಕೋಟಿ ಡಾಲರ್ ದಂಡಕ್ಕೆ ಅದು ಒಪ್ಪಿತು. 2014ರ ಮಾರ್ಚ್‌ನಲ್ಲಿ, ಗ್ರಾಹಕರನ್ನು ದಾರಿ ತಪ್ಪಿಸಿದ್ದನ್ನು ಒಪ್ಪಿಕೊಂಡು 120 ಕೋಟಿ ಡಾಲರ್ ತೆರಲು ಸಮ್ಮತಿಸಿತು.

ಜನರಲ್ ಮೋಟಾರ್ಸ್ ಪ್ರಕರಣ

ಸರ್ಕಾರವು ಜನರಲ್ ಮೋಟಾರ್ಸ್‌ನ ತನ್ನ ಕೊನೆಯ ಷೇರುಗಳನ್ನು 2013ರ ಡಿಸೆಂಬರ್‌ನಲ್ಲಿ ಮಾರಿತು. ಎರಡೇ ತಿಂಗಳಲ್ಲಿ, 2014ರ ಫೆಬ್ರವರಿಯಲ್ಲಿ, ಆ ಕಂಪೆನಿಯು ಕೋಬಾಲ್ಟ್ ಮುಂತಾದ ಕಾರುಗಳ ರೀಕಾಲ್ ಆರಂಭಿಸಿತು. ಒಟ್ಟು ಸುಮಾರು 26 ಲಕ್ಷ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ಚು ಸಡಿಲವಾಗಿತ್ತು. ಚಲಿಸುತ್ತಿರುವಾಗಲೇ ಕೀಲಿ ಜಾರಿದರೆ ಎಂಜಿನ್ ನಿಲ್ಲುತ್ತಿತ್ತು, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪೆನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಮಾನ್ಯ ಮಾಡಿತು. ಸ್ವಿಚ್ಚಿನ ವಿನ್ಯಾಸವನ್ನು 2006ರಲ್ಲಿಯೇ ಬದಲಾಯಿಸಿದ್ದರೂ ಬಿಡಿಭಾಗದ ಸಂಖ್ಯೆಯನ್ನು ಬದಲಾಯಿಸದಿದ್ದುದರಿಂದ ದೋಷವನ್ನು ಪತ್ತೆಹಚ್ಚುವುದು ಕಷ್ಟವಾಗಿತ್ತು. 2015ರಲ್ಲಿ ಕಂಪೆನಿಯು 90 ಕೋಟಿ ಡಾಲರ್ ತೆರಲು ಒಪ್ಪಿತು.

ಸರ್ಕಾರ ತನ್ನ ಕಂಪೆನಿಯನ್ನು ರಕ್ಷಿಸಿತೆಂಬ ಆರೋಪ ಸಹಜವಾಗಿಯೇ ಕೇಳಿಬಂತು. ಸುರಕ್ಷತಾ ಆಡಳಿತವು ಈ ಕಾರುಗಳ ಏರ್‌ಬ್ಯಾಗ್ ದೂರುಗಳನ್ನು ಎರಡು ಬಾರಿ ಪರಿಶೀಲಿಸಿ ತನಿಖೆ ಬೇಡವೆಂದು ನಿರ್ಧರಿಸಿತ್ತು. ಎರಡನೆಯ ನಿರ್ಧಾರ 2010ರದು, ಸರ್ಕಾರವು ಪಾಲುದಾರನಾಗಿದ್ದ ಕಾಲದ್ದು. ಆದರೆ ಮೊದಲನೆಯದು 2007ರದು. ಆಗ ಸರ್ಕಾರದ ಬಳಿ ಒಂದೂ ಷೇರು ಇರಲಿಲ್ಲ. ಅದೇ 2007ರಲ್ಲಿ ಟೊಯೋಟಾದ ಮ್ಯಾಟಿನ ವಿಷಯವನ್ನೂ ಆಡಳಿತವು ಅಲ್ಪಕ್ಕೇ ಬಿಟ್ಟಿತ್ತು. ಸಾರಿಗೆ ಇಲಾಖೆಯ ಮಹಾ ಪರಿವೀಕ್ಷಕರ 2015ರ ವರದಿಯು ದತ್ತಾಂಶ ವಿಶ್ಲೇಷಣೆ, ತರಬೇತಿ ಮತ್ತು ಮೇಲ್ವಿಚಾರಣೆಯ ಕೊರತೆಗಳನ್ನು ಎತ್ತಿ ತೋರಿಸಿತು.

ಸಂಶಯವನ್ನು ತೂಗುವ ಬಗೆ

ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟರೆ, ಸ್ವದೇಶಿ–ವಿದೇಶಿ ಎಂಬ ಭೇದಕ್ಕಿಂತ ಹೆಚ್ಚಾಗಿ ಎದ್ದುಕಾಣುವುದು ವಿಳಂಬ. ದೂರುಗಳು ಬಂದಿದ್ದವು. ಕಂಪೆನಿಗಳು ಅವನ್ನು ಮುಚ್ಚಿಟ್ಟವು, ಆಡಳಿತವು ಓದಿಯೂ ಅರಿಯಲಿಲ್ಲ. ಬೆಲೆ ತೆತ್ತವರು ಪ್ರಯಾಣಿಕರು. ಜನರ ಸಂಶಯ ನ್ಯಾಯವಾದದ್ದೇ ಆಗಿತ್ತು, ಆದರೆ ಹಲವೊಮ್ಮೆ ಅದು ಬೇರೆ ಕಡೆಗೆ ಬೆರಳು ತೋರಿಸುತ್ತಿತ್ತು. ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಹೇಳುವವರಿಗೆ ಇದರಲ್ಲಿ ಲಾಭವೇನು? ಅವರು ಹೇಳಿದ ದೋಷಕ್ಕೆ ಪುರಾವೆಯೇನು? ಮೊದಲನೆಯದರ ಉತ್ತರ ಎರಡನೆಯದಕ್ಕೆ ಉತ್ತರವಾಗಲಾರದು.

ಭಾರತದಲ್ಲಿ

ನಮ್ಮ ದೇಶದಲ್ಲಿ 2012ರಿಂದ ಕಂಪೆನಿಗಳ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ಇತ್ತು. ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆ, 2019 ಸೇರಿಸಿದ 110ಎ ಕಲಮಿನಿಂದ ಕೇಂದ್ರ ಸರ್ಕಾರಕ್ಕೆ ಕಡ್ಡಾಯ ರೀಕಾಲ್ ಆದೇಶಿಸುವ ಅಧಿಕಾರ ಬಂದಿದೆ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಇವು ಅನ್ವಯಿಸುತ್ತವೆ. ತಪ್ಪಿತಸ್ಥ ಕಂಪೆನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಇದು ಕೇಂದ್ರದ ಕಾನೂನಾದ್ದರಿಂದ ಕಾಸರಗೋಡು, ತಾಳವಾಡಿ, ಜತ್ತ, ಅದೋನಿ ಎಲ್ಲ ಕಡೆಯೂ ಒಂದೇ. ಕಡ್ಡಾಯ ರೀಕಾಲ್‌ಗೆ ನಿಗದಿತ ಪ್ರಮಾಣದ ದೂರುಗಳು ಮುಖ್ಯ ಆಧಾರವಾಗಿರುವುದರಿಂದ, ಮನೆಯ ಬೈಕಿನಲ್ಲಾಗಲಿ ಮಕ್ಕಳ ಶಾಲಾ ವಾಹನದಲ್ಲಾಗಲಿ ದೋಷ ಕಂಡಾಗ ಮೆಕ್ಯಾನಿಕ್ಕಿಗೆ ಹೇಳಿ ಸುಮ್ಮನಾಗದೆ, ಲಿಖಿತ ದೂರು ಸಲ್ಲಿಸಿ ಅದರ ಪ್ರತಿಯನ್ನು ಕಾದಿರಿಸಿಕೊಳ್ಳುವುದು ಅಗತ್ಯ.