ವಯಲ್ ಲೆಕ್ಕ, ಮಗುವಿನ ಲೆಕ್ಕ: ಪುಣಜನೂರು ಕಾಡಂಚಿನಲ್ಲಿ ಉಚಿತ ಲಸಿಕೆಯ ಆಡಳಿತ

ಲಸಿಕೆಗೆ ದುಡ್ಡು ಕೊಡಬೇಕಿಲ್ಲ ಎಂದಮಾತ್ರಕ್ಕೆ ಅದು ಮಗುವಿಗೆ ಮುಟ್ಟುವುದಿಲ್ಲ. ಸಣ್ಣ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಕಾಡಿನ ಹಾಡಿಗಳಲ್ಲಿ, ಪೋಲಾಗುವ ಲಸಿಕೆಯನ್ನು ಕಾರ್ಯಕ್ರಮದ ನ್ಯಾಯವಾದ ವೆಚ್ಚವೆಂದೇ ಲೆಕ್ಕ ಹಾಕಬೇಕು ಎಂಬುದು ಈ ಲೇಖನದ ವಾದ.

ಪುಣಜನೂರು ಸೇರಿದ ಮೈಸೂರು ಸೀಮೆಗೆ ಲಸಿಕೆ ಹೊಸದಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವು ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿಯೇ ಮೂಡಿದ್ದೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಅಂದು ಜನರ ಒಪ್ಪಿಗೆ ಪಡೆಯುವುದೇ ದೊಡ್ಡ ಕೆಲಸವಾಗಿತ್ತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದ ಮೇಲೆ ಪೂರೈಕೆಯ ಪ್ರಶ್ನೆ ಮುನ್ನೆಲೆಗೆ ಬಂತು.

ಪುಣಜನೂರು ಚಾಮರಾಜನಗರದಿಂದ ಹಾಸನೂರಿಗೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರದಲ್ಲಿದೆ. ಸುತ್ತಲೂ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಕಾಡು, ಅದರೊಳಗೆ ಸೋಲಿಗರ ಪೋಡುಗಳು. ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೊಂದು ಆರೋಗ್ಯ ಉಪಕೇಂದ್ರ ಎಂಬುದು ಸರ್ಕಾರಿ ಮಾನದಂಡ. ಆನೆ ತಿರುಗಾಡುವ ದಾರಿಯ ದೂರ ಈ ತಲೆಲೆಕ್ಕದೊಳಗೆ ಕಾಣುವುದಿಲ್ಲ.

ಲಸಿಕೆ ಹೊರಡುವ ಮುನ್ನವೇ ಶಿಸ್ತು ಶುರುವಾಗುತ್ತದೆ. ಲಸಿಕೆ ಒಯ್ಯುವ ಪೆಟ್ಟಿಗೆಗೆ, ಅಂದರೆ ಕ್ಯಾರಿಯರ್‌ಗೆ, ನಾಲ್ಕು ಐಸ್ ಪ್ಯಾಕ್. ಫ್ರೀಜರ್‌ನಿಂದ ತೆಗೆದ ಪ್ಯಾಕನ್ನು ಹಾಗೇ ಇಡುವಂತಿಲ್ಲ. ಅದು ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಇಲ್ಲದಿದ್ದರೆ ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು.

ನಿಜವಾದ ತೊಡಕು ವಯಲ್, ಅಂದರೆ ಲಸಿಕೆಯ ಸೀಸೆ, ತೆರೆಯುವಾಗ ಎದುರಾಗುತ್ತದೆ. ತೆರೆದ ಪೆಂಟಾವಲೆಂಟ್ ವಯಲನ್ನು ನಿಯಮಬದ್ಧವಾಗಿ ಕಾಪಾಡಿದರೆ 28 ದಿನ ಬಳಸಬಹುದು. ದಡಾರ-ರುಬೆಲ್ಲಾ ಲಸಿಕೆಯನ್ನು ದ್ರಾವಣದೊಂದಿಗೆ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಐದು ಡೋಸಿನ ವಯಲ್, ಪೋಡಿನಲ್ಲಿ ಒಂಬತ್ತು ತಿಂಗಳು ತುಂಬಿದ ಮಗು ಒಂದೇ ಎಂದುಕೊಳ್ಳೋಣ: ನಾಲ್ಕು ಡೋಸು ನಷ್ಟ. ಆ ನಷ್ಟಕ್ಕೆ ಆರೋಗ್ಯ ಸಹಾಯಕಿಯನ್ನೇ ಹೊಣೆ ಮಾಡಿದರೆ ಆಕೆ ಇನ್ನೂ ನಾಲ್ಕು ಮಕ್ಕಳು ಸೇರಲೆಂದು ಕಾಯುವುದು ಸಹಜ. ದಡಾರ ಕಾಯುವುದಿಲ್ಲ.

ಗಡಿಯದು ಇನ್ನೊಂದು ಸಮಸ್ಯೆ. ಸೋಲಿಗರು ಸತ್ಯಮಂಗಲದ ಬೆಟ್ಟಗಳಲ್ಲೂ ನೆಲೆಸಿದ್ದಾರೆ. ನಂಟಸ್ತಿಕೆಗೆ ರಾಜ್ಯದ ಗಡಿಯಿಲ್ಲ. ಬಾಣಂತನಕ್ಕೆ ಆಚೆಯ ತವರಿಗೆ ಹೋದವಳ ಮಗುವಿನ ಲಸಿಕೆ ಅಲ್ಲಿ ದಾಖಲಾದರೆ, ಈಚೆಯ ರಿಜಿಸ್ಟರಿನಲ್ಲಿ ಬಾಕಿ ಎಂದೇ ಉಳಿಯಬಹುದು. ತಾಯಿ ಕಾರ್ಡಿನ ಜೊತೆಗೆ ಯು-ವಿನ್ ಎಂಬ ಡಿಜಿಟಲ್ ಲಸಿಕಾ ದಾಖಲೆಯನ್ನೂ ಎರಡೂ ಕಡೆಯವರು ತಾಳೆ ನೋಡಬೇಕು.

ಆದ್ದರಿಂದ ಲಸಿಕೆ ಹಾಕುವ ಸೂಕ್ಷ್ಮ ಯೋಜನೆಯನ್ನು ಗ್ರಾಮವಾರು ಬಿಟ್ಟು ಪೋಡುವಾರು ಬರೆಯಬೇಕು, ವಾಹನದ ಖರ್ಚನ್ನು ಮೊದಲೇ ಮಂಜೂರು ಮಾಡಬೇಕು, ಒಂದೇ ಮಗುವಿದ್ದರೂ ವಯಲ್ ತೆರೆಯುವ ಸಿಬ್ಬಂದಿಯನ್ನು ಇಲಾಖೆ ಬೆಂಬಲಿಸಬೇಕು. ನಾಲ್ಕು ಡೋಸು ಪೋಲಾದರೆ ಮತ್ತೆ ತರಿಸಬಹುದು. ದಡಾರಕ್ಕೆ ಬಲಿಯಾದ ಮಗುವನ್ನು ಯಾವ ಇಲಾಖೆಯೂ ತಂದುಕೊಡಲಾರದು.