ಮಲೆನಾಡಿನ ಸ್ವತಂತ್ರ ಪ್ರಸಾಧನ ವೃತ್ತಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕರೆ ಬಂದಲ್ಲಿಗೆ ಹೋಗಿ ಪಾತ್ರಧಾರಿಗಳಿಗೆ ಬಣ್ಣ ಹಚ್ಚುವ, ಮದುಮಗಳನ್ನು ಸಿಂಗರಿಸುವ ಕಸುಬು ಇದು. ಇದಕ್ಕೆ ರಂಗಭೂಮಿಯ ಗಟ್ಟಿ ನೆಲೆಯಿದೆ: 1949ರಲ್ಲಿ ಸಾಗರದ ಬಳಿಯ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕ ತಂಡವನ್ನು ಆರಂಭಿಸಿತು. ಆದರೆ ಯಕ್ಷಗಾನದ ವೃತ್ತಿಕಲಾವಿದರು ಸಾಮಾನ್ಯವಾಗಿ ತಮ್ಮ ಮುಖವರ್ಣಿಕೆಯನ್ನು ತಾವೇ ಬರೆದುಕೊಳ್ಳುತ್ತಾರೆ. ಪ್ರಸಾಧಕರನ್ನು ಹೆಚ್ಚಾಗಿ ಕರೆಯುವುದು ಹವ್ಯಾಸಿ ಮತ್ತು ಮಕ್ಕಳ ತಂಡಗಳು. ನಾಟಕದ ಕರಪತ್ರದಲ್ಲಿ ‘ಪ್ರಸಾಧನ’ ಎಂದು ಅಚ್ಚಾಗುವ ಒಂದು ಸಾಲೇ ಹಿಂದೆ ಪ್ರಸಾಧಕರ ಜಾಹೀರಾತಾಗಿತ್ತು. ಈಗ ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಬಂದಿವೆ. ಆದರೂ ತೀರ್ಥಹಳ್ಳಿ ಸೀಮೆಯ ಮೇಳಿಗೆಯಂಥ ಊರಿನಲ್ಲಿ ಮದುವೆಯ ಊಟದ ಪಂಕ್ತಿಯಲ್ಲಿ ಆಡಿದ ಮೆಚ್ಚುಮಾತೇ ಮುಂದಿನ ಕೆಲಸ ತರುತ್ತದೆ. ನಸುಕಿನ ಪ್ರಯಾಣ, ಸಾಮಗ್ರಿ, ಮೊಗ್ಗಿನ ಜಡೆ ಇವುಗಳ ದರವನ್ನು ಬೇರೆಬೇರೆಯಾಗಿ ಮೊದಲೇ ಹೇಳಿ ಮುಂಗಡ ಪಡೆಯುವುದು ಒಳ್ಳೆಯದು. ಕೆಲಸ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ: ಆಷಾಢದಲ್ಲಿ ಸಾಮಾನ್ಯವಾಗಿ ಮದುವೆಗಳಿಲ್ಲ, ಚಳಿಗಾಲದ ಶಾಲಾ ವಾರ್ಷಿಕೋತ್ಸವಗಳು ಆ ಆದಾಯದ ಕೊರತೆಯನ್ನು ಸ್ವಲ್ಪ ತುಂಬುತ್ತವೆ.