ದಾಂಪತ್ಯದ ಕಲ್ಪನೆ ನಡೆದು ಬಂದ ದಾರಿ

ಮದುವೆಯೆಂಬುದು ಅನಾದಿಯಿಂದಲೂ ಒಂದೇ ರೂಪದಲ್ಲಿ ನಡೆದು ಬಂದ ಸಂಸ್ಥೆಯೆಂದೂ, ಅದರ ಒಂದು ಎಳೆಯನ್ನು ಸಡಿಲಿಸಿದರೂ ಸಂಸಾರವೇ ಬಿಚ್ಚಿಹೋಗುವುದೆಂದೂ ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಸಮಲಿಂಗಿಗಳ ವಿವಾಹವನ್ನು ಕುರಿತು ತೀರ್ಪು ನೀಡಿದ ಮೇಲೆ ಈ ಚರ್ಚೆ ಹಳ್ಳಿಯ ಜಗಲಿಯವರೆಗೂ ಬಂದಿದೆ. ಪರವಾಗಲಿ ವಿರೋಧವಾಗಲಿ, ನಿಲುವು ತಳೆಯುವ ಮುನ್ನ ಚರಿತ್ರೆಯನ್ನೊಮ್ಮೆ ಅವಲೋಕಿಸುವುದು ವಿವೇಕಿಗಳ ಕ್ರಮ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಪಿಲೆಯ ದಡದ ನಮ್ಮ ಸರಗೂರು-ಹೆಗ್ಗಡದೇವನಕೋಟೆ ಸೀಮೆಯಿಂದಲೇ ಆರಂಭಿಸಬಹುದು.

ಈ ಸೀಮೆಯ ಬೆಳತೂರಿನಲ್ಲಿ ಕ್ರಿ.ಶ. 1057ರ ಶಾಸನವೊಂದಿದೆ. ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದುದಕ್ಕಾಗಿ ಚೋಳ ಪ್ರಭುತ್ವದಿಂದ ಮರಣದಂಡನೆಗೆ ಗುರಿಯಾದ ಏಚನೆಂಬವನ ಪತ್ನಿ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ ದಾನಧರ್ಮಗಳನ್ನು ಮಾಡಿ ಅಗ್ನಿಪ್ರವೇಶ ಮಾಡಿದ ವೃತ್ತಾಂತವನ್ನು ಅದು ಹಾಡಿ ಹೊಗಳುತ್ತದೆ. ಶಾಸನದ ಕಾವ್ಯಗುಣ ಮನಮುಟ್ಟುವಂಥದು. ಆದರೆ ಇಂದು ನಮ್ಮ ಯಾವ ತಂದೆ ತನ್ನ ಮಗಳಿಗೆ ಇಂಥ ಗತಿಯನ್ನು ಹಾರೈಸುತ್ತಾನೆ? ಒಂದು ಕಾಲ ಕಲ್ಲಿನಲ್ಲಿ ಕೆತ್ತಿಸಿ ಆರಾಧಿಸಿದ ಸತೀಧರ್ಮವನ್ನು ಇನ್ನೊಂದು ಕಾಲ ಅಪರಾಧವೆಂದು ಕರೆಯಿತು. ಹಾಗೆಂದು ದಾಂಪತ್ಯನಿಷ್ಠೆ ನಾಡಿನಿಂದ ಅಳಿದುಹೋಗಲಿಲ್ಲ. ನಿಷ್ಠೆ ಉಳಿಯಿತು, ಅದರ ಹೆಸರಿನಲ್ಲಿ ಕೇಳುತ್ತಿದ್ದ ಬಲಿ ನಿಂತಿತು. ಆ ಶಾಸನದಲ್ಲಿಯೂ ಮಗಳನ್ನು ತಡೆಯಲು ಮುಂದಾದವರು ಹೆತ್ತವರೇ ಎಂಬುದು ಗಮನಾರ್ಹ. ಆದರ್ಶವನ್ನು ಲೋಕ ಹೊಗಳುತ್ತಿದ್ದಾಗಲೂ ತಾಯಿತಂದೆಯರ ಕರುಳು ಬೇರೆಯದನ್ನೇ ನುಡಿದಿತ್ತು.

ಈ ಶಾಸನದ ತರುವಾಯ ಸುಮಾರು ಒಂದು ಶತಮಾನಕ್ಕೆ ಕಲ್ಯಾಣದಲ್ಲಿ ಶರಣರು ದಾಂಪತ್ಯದ ಬೇರೊಂದು ಕಲ್ಪನೆಯನ್ನು ಮುಂದಿಟ್ಟರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದಳು. ಮೋಳಿಗೆಯ ಮಹಾದೇವಿ ತನ್ನ ಪತಿಗೆ ತತ್ತ್ವಬೋಧೆ ಮಾಡಿದಳು. ಪತಿಯೇ ಗುರುವೆಂಬ ಸ್ಮೃತಿಗಳ ಮಾತು ಇಲ್ಲಿ ತಲೆಕೆಳಗಾಗಿ, ಅರಿತವರೇ ಗುರುವೆಂಬ ನ್ಯಾಯ ಮನೆಯೊಳಗೂ ನಡೆಯಿತು. ಅಕ್ಕಮಹಾದೇವಿ ಲೌಕಿಕ ವಿವಾಹಬಂಧವನ್ನೇ ತೊರೆದು ಹೊರಟಳು. ಆಕೆಯನ್ನು ಅನುಭವ ಮಂಟಪ ಬಹಿಷ್ಕರಿಸಲಿಲ್ಲ, ಪರೀಕ್ಷಿಸಿ ಗೌರವಿಸಿತೆಂದು ಶೂನ್ಯ ಸಂಪಾದನೆ ನಿರೂಪಿಸುತ್ತದೆ. ಇನ್ನು ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವಣ ವಿವಾಹಸಂಬಂಧವಂತೂ ನಂತರದ ಕಾವ್ಯಪುರಾಣಗಳ ಮೂಲಕ ನಮಗೆ ಪರಿಚಿತ. ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ನಡೆದ ಆ ಮದುವೆಯನ್ನು ಅಂದಿನ ಪ್ರಭುತ್ವ ಧರ್ಮನಾಶವೆಂದು ಕಂಡಿತು. ಇಬ್ಬರು ತಂದೆಯರೂ ಎಳೆಹೂಟೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಅಂದು ದಂಡನೆಗೆ ಕಾರಣವಾದ ಮದುವೆಯನ್ನು ಇಂದು ನಾವು ಜಯಂತಿಗಳಲ್ಲಿ ಅಭಿಮಾನದಿಂದ ಸ್ಮರಿಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಪುರುಷ ವಚನಕಾರರು ಶರಣಸತಿ-ಲಿಂಗಪತಿ ಭಾವದಲ್ಲಿ ತಮ್ಮನ್ನು ಸತಿಯೆಂದು ಭಾವಿಸಿ ವಚನಗಳನ್ನು ರಚಿಸಿದ್ದಾರೆ. ದೇವರ ದಾಸಿಮಯ್ಯನು ಒಳಗಿನ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಸಾರಿದ್ದಾನೆ. ಇವುಗಳನ್ನು ಆಧರಿಸಿ ಶರಣರು ಸಮಲಿಂಗ ವಿವಾಹವನ್ನು ಒಪ್ಪಿದ್ದರೆಂದು ವಾದಿಸಿದರೆ ಅದು ಪಠ್ಯಕ್ಕೆ ಬಗೆದ ಅಪಚಾರ. ಅಲ್ಲಿಯದು ಭಕ್ತಿಯ ಪರಿಭಾಷೆ. ಆದರೆ ಅದೇ ವಚನಗಳನ್ನು ಓದಿಯೂ ಗಂಡುತನ ಹೆಣ್ಣುತನಗಳು ಕಬ್ಬಿಣದ ಕಟ್ಟುಗಳೆಂದು ಸಾಧಿಸಹೊರಟರೆ ಅದೂ ಅಷ್ಟೇ ದೊಡ್ಡ ಅಪಚಾರ.

ಜನಪದದ ಆಚಾರಗಳ ಕಡೆಗೆ ನೋಡಿದರೆ ಮದುವೆಯ ರೂಪಗಳು ಇನ್ನಷ್ಟು ಬಹುವಿಧ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಸಹಜಸಂಬಂಧ. ಉತ್ತರ ಭಾರತದ ಬಹುಭಾಗದಲ್ಲಿ ಅದು ಕಿವಿಯಲ್ಲಿ ಕೇಳಬಾರದ ಪಾಪ. ದಕ್ಷಿಣ ಕನ್ನಡದ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ತಾಯಿಯ ಬಳ್ಳಿಯಲ್ಲಿ ಇಳಿಯುತ್ತಿತ್ತು. ಹಳೆಯ ಮೈಸೂರಿನ ಅನೇಕ ಒಕ್ಕಲು ಸಮುದಾಯಗಳಲ್ಲಿ ವಿಧವೆಗೂ ಗಂಡನನ್ನು ಬಿಟ್ಟವಳಿಗೂ ಕೂಡಾವಳಿಯ ಅವಕಾಶವಿತ್ತು. ನಮ್ಮ ಕಾಡಂಚಿನ ಜೇನುಕುರುಬರಲ್ಲಿ ಹುಡುಗ ಹುಡುಗಿ ಒಪ್ಪಿ ಕಾಡಿಗೆ ಹೋಗಿ ಮರಳಿದರೆ ಹಿರಿಯರು ಅವರನ್ನು ದಂಪತಿಗಳೆಂದು ಸ್ವೀಕರಿಸುವ ರೂಢಿಯುಂಟು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತಷ್ಟೆ. ನಿಷಿದ್ಧ ಸಂಬಂಧಗಳ ಪಟ್ಟಿ ಮಾಡಿದ ಆ ಕಾಯಿದೆಯೇ, ರೂಢಿ ಒಪ್ಪಿದ್ದರೆ ಆ ನಿಷೇಧಕ್ಕೆ ವಿನಾಯಿತಿಯುಂಟೆಂದು ನಮ್ಮ ಸೋದರಸಂಬಂಧಗಳಿಗೆ ದಾರಿ ಬಿಟ್ಟಿತು.

ಬದಲಾವಣೆಗಳೆಲ್ಲವೂ ಒಳ್ಳೆಯವೇ ಎಂದು ನಾನು ಹೇಳಲಾರೆ. ಮೈಸೂರಿನವರಾದ ಎಂ.ಎನ್. ಶ್ರೀನಿವಾಸ್ ಅವರು 1942ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬ ಪದ್ಧತಿಗಳನ್ನು ವಿವರಿಸಿದ್ದಾರೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದ ಕಾಲವದು. ಅನಂತರದ ದಶಕಗಳಲ್ಲಿ ನೀರಾವರಿಯೂ ಓದೂ ನೌಕರಿಯೂ ಬಂದಂತೆ ತೆರ ಹೋಗಿ ವರದಕ್ಷಿಣೆ ಬಂದುದನ್ನು ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ದಾಖಲಿಸಿದರು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಿಂದಲೂ ಆ ಪಿಡುಗು ತೊಲಗಲಿಲ್ಲ. ಹೆಣ್ಣುಹೆತ್ತವರ ಬೆನ್ನು ಮುರಿದ ಈ ಮಾರ್ಪಾಟನ್ನು ಕಂಡು ಸಂಪ್ರದಾಯ ಕೆಟ್ಟಿತೆಂದು ನಾವು ಅಷ್ಟಾಗಿ ಕೂಗಾಡಲಿಲ್ಲವೆಂಬುದು ಆತ್ಮಪರೀಕ್ಷೆಗೆ ಯೋಗ್ಯವಾದ ಸಂಗತಿ.

ಕಾನೂನಿನ ದಾರಿಯೂ ಹೀಗೆಯೇ ಹಂತಹಂತವಾಗಿ ಸಾಗಿದೆ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷ ತುಂಬದ ಬಾಲೆಯರ ಮದುವೆಯನ್ನೂ, ಐವತ್ತು ಮೀರಿದ ಪುರುಷರು ಹದಿನಾಲ್ಕು ತುಂಬದ ಹುಡುಗಿಯರನ್ನು ವರಿಸುವುದನ್ನೂ ನಿಷೇಧಿಸಿದಾಗ ಧರ್ಮದಲ್ಲಿ ಅರಸನ ಹಸ್ತಕ್ಷೇಪವೆಂಬ ಆಕ್ಷೇಪ ಎದ್ದಿತ್ತು. 1933ರಲ್ಲಿ ಸಂಸ್ಥಾನವು ಹಿಂದೂ ಸ್ತ್ರೀಯರ ಆಸ್ತಿಹಕ್ಕಿಗಾಗಿ ಪ್ರತ್ಯೇಕ ಕಾಯಿದೆ ಮಾಡಿತು. 1978ರಲ್ಲಿ ಮದುವೆಯ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಎಂದಾಯಿತು. 1994ರಲ್ಲಿ ಕರ್ನಾಟಕದಲ್ಲಿ ಮಗಳೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಹಭಾಗಿಯಾದಳು. 2005ರಲ್ಲಿ ಇಡೀ ದೇಶ ಆ ದಾರಿಗೆ ಬಂದಿತು. ಕಾನೂನಿನ ಹೊರಗೂ ಪ್ರಯೋಗಗಳು ನಡೆದವು. 1966ರಲ್ಲಿ ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ವಿವಾಹವನ್ನು ಪುರೋಹಿತರಿಲ್ಲದೆ, ವೈಭವವಿಲ್ಲದೆ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಸಿಕೊಟ್ಟರು. ಇಂದಿಗೂ ಆ ಕ್ರಮದಲ್ಲಿ ಮದುವೆಯಾಗುವವರಿದ್ದಾರೆ.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಪ್ರಶ್ನೆಯನ್ನು ನೋಡಬೇಕು. ಸಮಲಿಂಗ ಸಂಬಂಧವನ್ನು ಅಪರಾಧವೆಂದು ಸಾರಿದ ದಂಡಸಂಹಿತೆಯ 377ನೆಯ ಕಲಮು ನಮ್ಮ ಸ್ಮೃತಿಕಾರರ ರಚನೆಯಲ್ಲ. 1860ರಲ್ಲಿ ಆಂಗ್ಲರು ಮಾಡಿದ್ದು. ಪರಸ್ಪರ ಸಮ್ಮತಿಯುಳ್ಳ ವಯಸ್ಕರಿಗೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2023ರ ತೀರ್ಪಿನಲ್ಲಿ ಮಾತ್ರ, ವಿವಾಹವಾಗುವುದು ಮೂಲಭೂತ ಹಕ್ಕಲ್ಲವೆಂದೂ, 1954ರ ವಿಶೇಷ ವಿವಾಹ ಕಾಯಿದೆಯನ್ನು ತಿದ್ದುವುದು ಶಾಸನಸಭೆಯ ಕೆಲಸವೆಂದೂ ಐವರು ನ್ಯಾಯಮೂರ್ತಿಗಳೂ ಒಪ್ಪಿದರು; ಇಂಥ ಜೋಡಿಗಳ ಒಡನಾಟಕ್ಕೆ ಬೇರೊಂದು ಕಾನೂನುಮಾನ್ಯತೆ ಬೇಕೆಂಬ ವಿಷಯದಲ್ಲಿ ಇಬ್ಬರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ತಿರಸ್ಕೃತವಾದವು. ಈ ನಡುವೆ 2024ರಲ್ಲಿ ಕೇಂದ್ರ ಸರ್ಕಾರವು ಇಂಥ ಜೋಡಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಕಾಣಬಹುದೆಂದೂ, ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದೂ, ಬಂಧುಗಳು ಇಲ್ಲದಿದ್ದಾಗ ಸಂಗಾತಿಯು ಮೃತದೇಹವನ್ನು ಪಡೆಯಬಹುದೆಂದೂ ಸೂಚನೆಗಳನ್ನು ಹೊರಡಿಸಿತು. ಹೊರದೇಶಗಳಲ್ಲಿ 2001ರಲ್ಲಿ ನೆದರ್‌ಲೆಂಡ್ಸ್, ಏಷ್ಯಾದಲ್ಲಿ 2019ರಲ್ಲಿ ತೈವಾನ್, 2025ರಲ್ಲಿ ಥಾಯ್ಲೆಂಡ್ ಇಂಥ ವಿವಾಹಕ್ಕೆ ಕಾನೂನಿನ ಒಪ್ಪಿಗೆ ನೀಡಿವೆ.

ಸಂತಾನಕ್ಕಾಗಿಯೇ ವಿವಾಹ, ಮಗನಿಲ್ಲದವನಿಗೆ ಸದ್ಗತಿಯಿಲ್ಲವೆಂಬ ಆಕ್ಷೇಪ ಕೆಲವರಿಂದ ಬರಬಹುದು. ಇದು ಪಿಂಡಪ್ರದಾನವನ್ನು ನೆಚ್ಚಿದವರ ವಾದ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ತನ್ನ ಗತಿಗೆ ತಾನೇ ಹೊಣೆಯೆಂದ ಮಾರ್ಗದವರಿಗೆ ಅದು ಒಪ್ಪುವ ಮಾತಲ್ಲ. ಮಕ್ಕಳಿಲ್ಲದ ದಂಪತಿಗಳ ಮದುವೆಯನ್ನು ನಾವಾರೂ ಮದುವೆಯಲ್ಲವೆನ್ನುವುದೂ ಇಲ್ಲ. ಧಾರ್ಮಿಕ ವಿಧಿಗಳಲ್ಲಿ ಯಾವುದನ್ನು ನಡೆಸಬೇಕೆಂಬುದು ಆಯಾ ಸಮುದಾಯದ ವಿಚಾರ. ನೋಂದಣಿಯ ಕಾನೂನು ಹೇಗಿರಬೇಕೆಂಬುದು ಶಾಸನಸಭೆಯ ವಿಚಾರ. ಇವೆರಡನ್ನೂ ಬೆರಸದೆ ಇದ್ದರೆ ಅರ್ಧ ಜಗಳ ತಾನಾಗಿ ಶಮನವಾದೀತು.

ಆದರೆ ಶಾಸನಸಭೆಗೂ ಮಠಕ್ಕೂ ಮೊದಲು ಈ ಪ್ರಶ್ನೆ ಬರುವುದು ಮನೆಗೆ. ಮಗ ಅಥವಾ ಮಗಳು ತನ್ನ ಸ್ವಭಾವವನ್ನು ನಡುಗುತ್ತ ಹೇಳಿಕೊಂಡಾಗ, ಮದುವೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆಂದು ನಂಟರು ಹೇಳುತ್ತಾರೆ. ಹಾಗೆ ಮಾಡಿದ ಮದುವೆಯಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಮಗುವಿನ ಬಾಳೂ ಬೇಯುತ್ತದೆ. ಸುಳ್ಳಿನ ಮೇಲೆ ಕಟ್ಟಿದ ದಾಂಪತ್ಯವನ್ನು ಧರ್ಮವೆಂದು ಯಾವ ಶರಣರು ಕರೆದಾರು? ಕಾನೂನು ಬದಲಾಗುವವರೆಗೆ ಕಾಯಬೇಕಾದ ಸಂಗತಿಗಳು ಹಲವಿರಬಹುದು. ಹೆತ್ತ ಮಗುವನ್ನು ಮನೆಯಿಂದ ಹೊರಹಾಕದಿರಲು, ಒಲ್ಲದ ಮದುವೆಗೆ ನೂಕದಿರಲು ಯಾವ ಕಾಯಿದೆಯ ಅಪ್ಪಣೆಯೂ ಬೇಕಾಗಿಲ್ಲ. ಬೆಳತೂರಿನ ದೇಕಬ್ಬೆಯನ್ನು ತಡೆಯಹೋದ ಹೆತ್ತವರ ಹೆಸರಿನಲ್ಲಿ ಯಾರೂ ಕಲ್ಲು ನಿಲ್ಲಿಸಲಿಲ್ಲ. ಆದರೂ ಕಡೆಗೆ ಕಾಲ ಒಪ್ಪಿದ್ದು ಅವರ ಮಾತನ್ನೇ.